ಸೋಮವಾರದ ಉಬ್ಬರ

ಹೊಸದಾಗಿ ನಾಲೆಯ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ನಮ್ಮ ಮನೆಯ ಜಗುಲಿಗೆ ಬಂದು ಕೂರುತ್ತಾರೆ. ನಿಮ್ಮ ಕಾಲದಲ್ಲಿ ಈ ಕೆಲಸ ಹೇಗಿತ್ತು ಎಂದು ಕೇಳುತ್ತಾರೆ. ನಾನು ಗಂಟಲು ಸರಿಮಾಡಿಕೊಂಡು ಶುರುಮಾಡುವ ಹೊತ್ತಿಗೆ ಅವರ ಜೇಬಿನಲ್ಲಿ ಫೋನು ಹೊಡೆದುಕೊಳ್ಳುತ್ತದೆ, ಎದ್ದು ಹೋಗುತ್ತಾರೆ. ಹಾಗೆ ಅರ್ಧಕ್ಕೇ ನಿಂತ ಮಾತುಗಳನ್ನೆಲ್ಲ ಈಗ ಬರೆದಿಡುತ್ತಿದ್ದೇನೆ. ಕಾಗದವಾದರೂ ಎದ್ದು ಹೋಗುವುದಿಲ್ಲ.

ನಾನು ಸೌಡಿ. ಅಂದರೆ ನಾಲೆಯ ತೂಬು ತೆಗೆಯುವವನು, ತೂಬು ಮುಚ್ಚುವವನು, ಎರಡಕ್ಕೂ ಬೈಸಿಕೊಳ್ಳುವವನು. ಹುಟ್ಟಿದ್ದು ಹೆಗ್ಗಡದೇವನಕೋಟೆ ಕಡೆಯ ಕಾಡಂಚಿನ ರಾಗಿ ಹೊಲದ ಮಗ್ಗುಲಲ್ಲಿ. ಅಲ್ಲಿ ನೀರು ಅಂದರೆ ಮೇಲಿನಿಂದ ಬೀಳುವುದು. ಬೀಳದಿದ್ದರೆ ದೇವರನ್ನು ಬೈದುಕೊಂಡು ಸುಮ್ಮನಾಗುತ್ತಿದ್ದೆವು. ಅರವತ್ತರ ದಶಕದಲ್ಲಿ ಕೃಷ್ಣರಾಜನಗರದ ಕಡೆ, ಕಾವೇರಿಯಿಂದ ಹೊರಟ ಒಂದು ನಾಲೆಗೆ ನನ್ನನ್ನು ಹಾಕಿದರು. ನಾಲೆಯ ಹೆಸರು ಬೇಡ. ಅದರ ದಡದವರು ಇನ್ನೂ ಗಟ್ಟಿಯಾಗಿದ್ದಾರೆ, ಜಗಳಕ್ಕಂತೂ ಇನ್ನೂ ಗಟ್ಟಿ. ಅಲ್ಲಿಗೆ ಹೋದ ಮೇಲೆಯೇ ನನಗೆ ತಿಳಿದದ್ದು, ನಾಲೆ ಬಯಲಿನಲ್ಲಿ ದೇವರಿಗೆ ಬೀಳಬೇಕಾದ ಬೈಗುಳವೂ ಸೌಡಿಗೇ ಬೀಳುತ್ತದೆ ಎಂದು.

ಬಡ್ತಿಯ ವಿಷಯ ಬರೆಯುವುದಿಲ್ಲ. ಬಂದದ್ದು ಒಂದೇ ಒಂದು, ಅದರಿಂದ ಹೆಚ್ಚಾದದ್ದು ಸೈಕಲ್ಲು ತುಳಿಯುವ ದೂರ ಮಾತ್ರ.

ನಾಲೆಯ ತಲೆಯ ಕಡೆ ಇದ್ದ ಊರು ದೊಡ್ಡಕೊಪ್ಪಲು. ಬಾಲದ ತುದಿಯಲ್ಲಿದ್ದದ್ದು ಕಡೆಕೊಪ್ಪಲು. ನಾಟಿಯ ಕಾಲಕ್ಕೆ ದೊಡ್ಡಕೊಪ್ಪಲಿನವರು ಗದ್ದೆಗೆ ನೀರು ತುಂಬಿ, ಎತ್ತು ಕಟ್ಟಿ, ಮಂಡಿಯುದ್ದ ಕೆಸರು ಮಾಡಿ ಉಳುತ್ತಿದ್ದರು. ಅವರ ಕೆಸರಿಗೆ ತೃಪ್ತಿಯಾಗಿ ಏನಾದರೂ ಉಳಿದರೆ ಕಡೆಕೊಪ್ಪಲಿಗೆ ನೀರು. ಉಳಿಯುತ್ತಲೇ ಇರಲಿಲ್ಲ. ಕಡೆಕೊಪ್ಪಲಿನ ತೂಬಿನಲ್ಲಿ ಹಲ್ಲಿ ಸಂಸಾರ ಹೂಡಿತ್ತು. ಅಲ್ಲಿಯವರು ಕೆರೆಯ ನೀರನ್ನು ನಂಬಿಕೊಂಡು ತಡವಾಗಿ ನಾಟಿ ಮಾಡಿ, ನನ್ನನ್ನು ಕಂಡಾಗಲೆಲ್ಲ ಕೆಮ್ಮುತ್ತಿದ್ದರು. ಆ ಕೆಮ್ಮಿನಲ್ಲಿ ಎಲ್ಲವೂ ಇರುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ವರ್ಷ ದೊಡ್ಡಕೊಪ್ಪಲಿನ ತಿಮ್ಮೇಗೌಡರ ಎಮ್ಮೆ ನಾಲೆಯ ಇಕ್ಕಟ್ಟಿನಲ್ಲಿ, ತೂಬಿನ ಬಾಯಿಗೆ ಅಡ್ಡಲಾಗಿ ಮಲಗಿಬಿಟ್ಟಿತು. ನಾನು ಹೊಸಬ, ನಿಯಮದಂತೆ ನಡೆಯುವವನು. ತೂಬಿಗೆ ಭಾರಿ ಅಡ್ಡಿಯುಂಟಾಗಿದೆ ಎಂದು ಮೇಲಿನವರಿಗೆ ಹೇಳಿ ಕಳಿಸಿದೆ. ಮಾರನೆಯ ದಿನ ಹಾರೆ, ದೊಡ್ಡ ಸುತ್ತಿಗೆ ಹೊತ್ತ ಇಬ್ಬರು ಆಳುಗಳು ಬಂದರು. ಅಡ್ಡಿಯನ್ನು ಒಡೆದು ತೆಗೆಯತಕ್ಕದ್ದು ಎಂದು ಅವರಿಗೆ ಅಪ್ಪಣೆಯಾಗಿತ್ತು. ಎಮ್ಮೆ ಅದೇ ಜಾಗಕ್ಕೆ ಮತ್ತೆ ಬಂದು ಮಲಗಿತ್ತು. ತಿಮ್ಮೇಗೌಡರು ದಡದ ಮೇಲೆ ಕುಕ್ಕರಗಾಲಲ್ಲಿ ಕೂತು, ಒಡೆಯುವವರು ಯಾರು, ಮೊದಲ ಏಟು ಯಾರದು ಎಂದು ಬಹಳ ಆಸಕ್ತಿಯಿಂದ ವಿಚಾರಿಸಿದರು. ಹಾಲು ಕರೆಯುವ ಹೊತ್ತಿಗೆ ಎಮ್ಮೆ ತಾನೇ ಎದ್ದು ಮನೆಗೆ ಹೋಯಿತು. ಆಳುಗಳು ಸುತ್ತಿಗೆ ಹೊತ್ತು ಬಿಳಿಕೆರೆ ಬಸ್ಸು ಹಿಡಿದರು.

ಇನ್ನು ನನ್ನ ಮದುವೆ. ಅದು ವೃತ್ತಿಯ ಕಥೆಯಲ್ಲಿ ಯಾಕೆ ಎಂದು ಕೇಳಬೇಡಿ. ನನ್ನ ಮದುವೆ ನಾಲೆಯಲ್ಲೇ ಸಿಕ್ಕಿಕೊಂಡಿತ್ತು.

ಹೆಣ್ಣು ನೋಡಲು ಹೋದದ್ದು ಕಡೆಕೊಪ್ಪಲಿನ ನಂಜೇಗೌಡರ ಮನೆಗೆ. ಬಿಳಿ ಶರಟು ಹಾಕಿಕೊಂಡು ಹೋಗಿದ್ದೆ, ಆದರೆ ತೂಬು ತಿರುಗಿಸುವ ಕಬ್ಬಿಣದ ಹಿಡಿಯನ್ನು ಸೈಕಲ್ಲಿಗೆ ಕಟ್ಟಿದ್ದು ಬಿಚ್ಚಿಡಲು ಮರೆತಿದ್ದೆ. ನಂಜೇಗೌಡರು ಮೊದಲು ನೋಡಿದ್ದು ಅದನ್ನು, ಆಮೇಲೆ ನನ್ನನ್ನು. ಮಗಳು ಸಾಕಮ್ಮ ಕಾಫಿ ತಂದಿಟ್ಟು ಒಳಗೆ ಹೋದಳು. ನನಗೆ ಹುಡುಗಿ ಒಪ್ಪಿಗೆಯಾಗಿ ಕಾಫಿ ಬಿಸಿಯಿದ್ದದ್ದೂ ತಿಳಿಯಲಿಲ್ಲ, ನಾಲಿಗೆ ಸುಟ್ಟುಕೊಂಡೆ. ನಂಜೇಗೌಡರು ಅರಳಿಕಟ್ಟೆಯ ಮೇಲಿದ್ದವರನ್ನೆಲ್ಲ ಕೂಗಿ ಕರೆದು, ಅವರ ಎದುರಿಗೆ ಮಾತು ಹೇಳಿದರು.

"ಮಗ್ಳನ್ನ ಕೊಡ್ತೀನಿ ಕಣಪ್ಪ ಸೌಡಿ. ಆದ್ರೆ ಧಾರೆ ಎರಿಯೋದು ನಮ್ಮೂರ್ ತೂಬಿನ್ ನೀರ್ನಲ್ಲೇ. ಮದ್ವೆ ದಿನ ಆ ತೂಬ್ಗೆ ನೀರ್ ಬರ್ಬೇಕು. ಬರ್ನಿಲ್ಲ ಅಂದ್ರೆ ಪಂಪ್‌ಸೆಟ್ ಕೆಂಪರಾಜು ಅವ್ನೆ."

ಕೆಂಪರಾಜು ನಂಜೇಗೌಡರ ಭಾವಮೈದುನನ ಮಗ. ಬಾವಿಗೆ ಹೊಸದಾಗಿ ಕರೆಂಟು ಪಂಪ್‌ಸೆಟ್ ಹಾಕಿಸಿದ್ದ. ಆ ಕಾಲಕ್ಕೆ ಅದು ಮನೆಯಲ್ಲಿ ಆನೆ ಕಟ್ಟಿದ ಹಾಗೆ. ಒಳ್ಳೆಯ ಹುಡುಗ. ನನಗೆ ಕಂಡರಾಗುತ್ತಿರಲಿಲ್ಲ.

ಆ ಮುಂಗಾರಿನಲ್ಲೇ ನಮ್ಮ ನಾಲೆಗೆ ಹೊಸ ಓವರ್‌ಸೀಯರ್ ಬಂದರು. ಹೆಸರು ವಿಠೋಬ ತಾಂಡೇಲ, ಕಾರವಾರದ ಕಡೆಯವರು. ಅವರ ಅಪ್ಪ, ತಾತ ಎಲ್ಲ ಹಾಯಿ ಹಡಗು ನಡೆಸಿದವರು. ಇವರೊಬ್ಬರು ಓದಿ, ಪಾಸು ಮಾಡಿ, ಸಮುದ್ರದಿಂದ ಎಷ್ಟು ದೂರ ಹಾಕಲು ಸಾಧ್ಯವೋ ಅಷ್ಟು ದೂರಕ್ಕೆ ಬಂದು ಬಿದ್ದಿದ್ದರು. ಬಂದ ದಿನ ನಾಲೆಯ ದಡದಲ್ಲಿ ನಿಂತು, ಬೊಗಸೆಯಲ್ಲಿ ನೀರು ಎತ್ತಿ ಕುಡಿದು, ಮುಖ ಹಿಂಡಿದರು. ಉಪ್ಪಿಲ್ಲವಂತೆ. ಆಮೇಲೆ ಬಹಳ ಹೊತ್ತು ನೀರನ್ನೇ ನೋಡಿ, ಇದು ಯಾವಾಗ ವಾಪಸು ಬರುತ್ತದೆ ಎಂದು ನನ್ನನ್ನು ಕೇಳಿದರು.

ವಾಪಸು ಬರುವುದಿಲ್ಲ ಸ್ವಾಮಿ, ಹೋದದ್ದು ಹೋಯಿತು ಎಂದೆ.

"ಒಂದೇ ಕಡೆ ಹರಿಯುವ ನೀರು ನೀರಲ್ಲ ಮಾರಾಯ," ಅಂದರು. "ಅದು ಸೋರಿಕೆ."

ನನಗೆ ಅವರ ಮೇಲೆ ಅಲ್ಲೇ ಗೌರವ ಹುಟ್ಟಿತು. ಅರ್ಥವಾಗದ ಮಾತನ್ನು ಅಷ್ಟು ನಿಧಾನವಾಗಿ ಹೇಳುವವರನ್ನು ನಾನು ಅದುವರೆಗೆ ನೋಡಿರಲಿಲ್ಲ.

ಸಂಜೆ ಹೊತ್ತು ತಾಂಡೇಲರು ನನಗೆ ಸಮುದ್ರದ ಪಾಠ ಹೇಳುತ್ತಿದ್ದರು. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಪುಸ್ತಕದಲ್ಲಿ ಅದನ್ನು ಉಬ್ಬರ, ಇಳಿತ ಎನ್ನುತ್ತಾರೆ. ಅವರ ಕಡೆಯ ಹಡಗಿನವರ ಬಾಯಲ್ಲಿ ಏರುವ ನೀರು ಭರತಿ, ಇಳಿಯುವ ನೀರು ಸುಕತಿ. ಅಮಾವಾಸ್ಯೆಗೂ ಹುಣ್ಣಿಮೆಗೂ ಸೂರ್ಯ ಚಂದ್ರರಿಬ್ಬರೂ ಸೇರಿ ಎಳೆಯುವುದರಿಂದ ನೀರು ದಡ ಮೀರಿ ಬರುತ್ತದೆ. ಆ ದೊಡ್ಡ ಉಬ್ಬರಕ್ಕೆ ಉಧಾಣ ಎಂದು ಹೆಸರು. ಚಂದ್ರ ಅರ್ಧವಿರುವಾಗ ಇಬ್ಬರೂ ಅಡ್ಡಡ್ಡ ಎಳೆದು ಯಾರಿಗೂ ಏನೂ ಸಿಗದೆ ನೀರು ಸಪ್ಪಗೆ ಬಿದ್ದಿರುತ್ತದೆ, ಅದು ಭಾಂಗ. ನನಗೆ ಇದು ಚೆನ್ನಾಗಿ ತಲೆಗೆ ಹೋಯಿತು. ಜೋಡೆತ್ತು ಒಂದೇ ಕಡೆ ಎಳೆದರೆ ಉಧಾಣ, ಒಂದು ಹೊಲಕ್ಕೆ ಒಂದು ಮನೆಗೆ ಎಳೆದರೆ ಭಾಂಗ. ಏರಿ ಮುಗಿದು ಇಳಿಯುವ ಮೊದಲು ನೀರು ಒಂದು ಗಳಿಗೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ ಎಂದು ನಿಲ್ಲುತ್ತದಂತೆ. ಆ ಗಳಿಗೆಗೂ ಅವರಲ್ಲಿ ಒಂದು ಮಾತಿತ್ತು, ನನ್ನ ನಾಲಿಗೆ ಅದಕ್ಕೆ ತಿರುಗಲಿಲ್ಲ. ನಾನು ನಿಂತ್ನೀರು ಎಂದು ಇಟ್ಟುಕೊಂಡೆ.

ಈ ಮಾತುಗಳು ನನ್ನ ಬಾಯಿಂದ ದಡದ ಊರುಗಳಿಗೆಲ್ಲ ಹಬ್ಬಿದವು. ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿ ಮುಗಿದರೆ ಸುಕತಿ ಅನ್ನುತ್ತಿದ್ದರು. ಅತ್ತೆ ಬಂದು ಮನೆಯಲ್ಲಿ ಕೂತರೆ ಉಧಾಣ. ದೊಡ್ಡಕೊಪ್ಪಲಿನ ಭಜನೆ ಮಂಡಳಿಯಲ್ಲಿ ಹಾರ್ಮೋನಿಯಂ ಗಾಳಿ ಕಮ್ಮಿಯಾದರೆ ಭಾಂಗ ಬಿತ್ತು ಎಂದು ತಾಳದವನು ನಿಲ್ಲಿಸಿಬಿಡುತ್ತಿದ್ದ. ಕಡಲನ್ನು ಕನಸಿನಲ್ಲೂ ಕಾಣದ ಜನ ಕಡಲಿನವರ ಹಾಗೆ ಮಾತಾಡತೊಡಗಿದರು.

ತಾಂಡೇಲರು ಕೆಲಸದ ರೀತಿಯನ್ನೂ ಬದಲಾಯಿಸಿದರು. ಮೊದಲೆಲ್ಲ ನಾಲೆಗೆ ನೀರು ಬಿಟ್ಟಾಗ ತಮಟೆ ಹೊಡೆಸುತ್ತಿದ್ದೆವು. ಅವರು ಬಾವುಟ ತಂದರು. ನೀರು ಏರುತ್ತಿದ್ದರೆ ಸೇತುವೆಯ ಮೇಲೆ ಕೆಂಪು ಬಾವುಟ, ಇಳಿಯುತ್ತಿದ್ದರೆ ಹಸಿರು. ಮೊದಲ ದಿನ ಕೆಂಪು ಬಾವುಟ ಕಟ್ಟಿ ನಾನು ಮೇಲಿನ ತೂಬಿಗೆ ಹೋದೆ. ಹುಣಸೂರಿನಿಂದ ಬಂದ ಬಸ್ಸು ಬಾವುಟ ನೋಡಿ ನಿಂತುಬಿಟ್ಟಿತು. ಡ್ರೈವರು ಇಳಿದು ಬೀಡಿ ಹಚ್ಚಿ, ಸೇತುವೆ ಕುಸಿದಿದೆ ಎಂದು ತೀರ್ಮಾನಿಸಿದ. ಹಿಂದೆ ಹೊಗೆಸೊಪ್ಪಿನ ಲಾರಿ, ಅದರ ಹಿಂದೆ ಪಿರಿಯಾಪಟ್ಟಣದ ಸಂತೆಗೆ ಹೊರಟ ಕುರಿ ಹಿಂಡು ನಿಂತವು. ನಾನು ಬಂದು ನೀರು ಏರುತ್ತಿದೆ ಅಷ್ಟೇ ಎಂದಾಗ ಪ್ರಯಾಣಿಕರು ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡರು. ಬಾವುಟಗಳು ಆಮೇಲೆ ತಾಂಡೇಲರ ಕಿಟಕಿಗೆ ಪರದೆಯಾದವು.

ಆದರೆ ಒಂದು ವಿಷಯದಲ್ಲಿ ನಾವೆಲ್ಲ ಬೆರಗಾಗುವ ಹಾಗಾಯಿತು. ನಾಲೆಯ ಬಾಲದಲ್ಲಿ ನೀರಿನ ಮಟ್ಟ ಅಳೆಯಲು ಗೆರೆ ಹಾಕಿದ ಒಂದು ಕಲ್ಲಿತ್ತು. ತಾಂಡೇಲರು ದಿನವೂ ಸೈಕಲ್ಲಿನಲ್ಲಿ ಹೋಗಿ ಅದನ್ನು ನೋಡಿ ಬರುತ್ತಿದ್ದರು. ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಹೊಳೆಯುವ ಮುಖ ಹೊತ್ತು ಬಂದರು. ಅಮಾವಾಸ್ಯೆ ಬಂದಾಗಲೆಲ್ಲ ಬಾಲದಲ್ಲಿ ನೀರು ಏರುತ್ತಿತ್ತು. ಹುಣ್ಣಿಮೆಗೂ ಏರುತ್ತಿತ್ತು. ಚಂದ್ರ ಅರ್ಧವಾದಾಗ ಕಲ್ಲಿನ ಬುಡ ಒಣಗಿರುತ್ತಿತ್ತು. ನಾಲೆಗೆ ಉಧಾಣವೂ ಇತ್ತು, ಭಾಂಗವೂ ಇತ್ತು. ತಾಂಡೇಲರ ಕಣ್ಣಲ್ಲಿ ನೀರು ಬಂತು. ಇಷ್ಟು ದೂರದಲ್ಲೂ ಚಂದ್ರ ನನ್ನ ಕೈ ಬಿಡಲಿಲ್ಲ ನೋಡು ಎಂದು ಆಕಾಶ ತೋರಿಸಿದರು. ನನಗೂ ನಂಬಿಕೆ ಬಂತು. ಕಲ್ಲು ಸುಳ್ಳು ಹೇಳುತ್ತದೆಯೇ?

ಒಂದೇ ಒಂದು ತೊಡಕು. ಸೋಮವಾರ ಬಂದರೆ ಸಾಕು, ಚಂದ್ರ ಹೇಗೇ ಇರಲಿ, ನೀರು ಸ್ವಲ್ಪ ಏರುತ್ತಿತ್ತು. ಕಡೆಯ ತೂಬನ್ನು ಮುಟ್ಟುತ್ತಿರಲಿಲ್ಲ, ಆದರೆ ಏರುವುದಂತೂ ಏರುತ್ತಿತ್ತು. ಇದು ತಾಂಡೇಲರಿಗೆ ಬಿಸಿ ತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಸಮುದ್ರಕ್ಕೆ ಸೋಮವಾರ ಗೊತ್ತಿಲ್ಲ ಮಾರಾಯ ಎಂದು ತಲೆ ಹಿಡಿದುಕೊಂಡು ಕೂರುತ್ತಿದ್ದರು.

ಚಂದ್ರನ ಸುದ್ದಿ ತಿಮ್ಮೇಗೌಡರಿಗೆ ಮುಟ್ಟಿದಾಗ ಅವರಿಗಾದ ಸಂತೋಷ ಹೇಳತೀರದು. ಅಲ್ಲಿಯ ತನಕ ಬಾಲಕ್ಕೆ ನೀರಿಲ್ಲದಿದ್ದರೆ ಎಲ್ಲರೂ ದೊಡ್ಡಕೊಪ್ಪಲಿನವರ ಕಡೆ ಬೆರಳು ತೋರಿಸುತ್ತಿದ್ದರು. ಈಗ ಬೆರಳು ಮೇಲಕ್ಕೆ ಹೋಯಿತು. ಅವರು ಎಳನೀರಿನ ಗೊನೆ ಹೊರಿಸಿಕೊಂಡು ತಾಂಡೇಲರ ಬಿಡಾರಕ್ಕೇ ಬಂದರು.

"ನಿಮ್ಮಂಥ ತಿಳ್ದೋರು ಈ ನಾಲೆಗೆ ಬಂದೇ ಇರ್ನಿಲ್ಲ ಸ್ವಾಮಿ," ಅಂದರು. "ಚಂದ್ರ ಎಳ್ಕೊಳ್ಳೋ ನೀರ್ಗೆ ನಾವೇನ್ ಮಾಡಕ್ಕಾಯ್ತದೆ?"

ಅದೇ ವಾರ ದೊಡ್ಡ ಇಂಜಿನಿಯರ್ ಸಾಹೇಬರು ಜೀಪಿನಲ್ಲಿ ತಪಾಸಣೆಗೆ ಬಂದರು. ಬಾಲದ ಕಲ್ಲಿನ ಬಳಿ ನಿಂತು, ನೀರೆಲ್ಲಿ ಎಂದು ನನ್ನನ್ನು ಕೇಳಿದರು. ಚಂದ್ರ ಅರ್ಧ ಇದ್ದಾನೆ ಸ್ವಾಮಿ ಎಂದೆ. ಅವರು ಕನ್ನಡಕ ಸರಿಪಡಿಸಿಕೊಂಡು ನಡು ಮಧ್ಯಾಹ್ನದ ಆಕಾಶವನ್ನು ನೋಡಿದರು. ನಾಳಿದ್ದಿನಿಂದ ಮೆಲ್ಲಗೆ ಭರತಿ ಶುರುವಾಗುತ್ತದೆ ಎಂದು ಸಮಾಧಾನ ಹೇಳಿದೆ. ಅವರು ತಾಂಡೇಲರನ್ನು ಪಕ್ಕಕ್ಕೆ ಕರೆದು, ಈ ಸೌಡಿ ರಜೆ ತೆಗೆದುಕೊಂಡು ಎಷ್ಟು ಕಾಲವಾಯಿತು ಎಂದು ವಿಚಾರಿಸಿದರಂತೆ. ತಾಂಡೇಲರು ನನ್ನ ಪರವಾಗಿ ಚಂದ್ರನ ವಿಷಯ ವಿವರಿಸಲು ಹೊರಟ ಮೇಲೆ ಸಾಹೇಬರು ಅವಸರವಾಗಿ ಜೀಪು ಹತ್ತಿದರು.

ನನ್ನ ಸಂಕಟ ಬೇರೆ ಇತ್ತು. ಅಮಾವಾಸ್ಯೆಯ ದಿನ ಕಡೆಕೊಪ್ಪಲಿನ ತೂಬಿನ ತಳಕ್ಕೆ ಒಂದು ಚೆಂಬಿನಷ್ಟು ನೀರು ಬಂದದ್ದನ್ನು ನಂಜೇಗೌಡರ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಬಗ್ಗಿ ನೋಡಿ, ಸರಿ, ಅಮಾಸೆ ದಿನ ಮದುವೆ ಮಾಡುವ ಜೋಯಿಸರನ್ನು ಹುಡುಕಿಕೊಂಡು ಬಾ ಅಂದರು. ಹುಣ್ಣಿಮೆಯಾದರೂ ಆದೀತೇ ಎಂದು ಜೋಯಿಸರ ಕಾಲು ಹಿಡಿದೆ. ಅವರು ಪಂಚಾಂಗ ಮಡಿಸಿ ತೆರೆದು, ಶ್ರಾವಣದಲ್ಲಿ ನಿಮ್ಮಿಬ್ಬರ ಹೆಸರಿಗೆ ಕೂಡಿಬರುವುದು ದಶಮಿಯ ಒಂದೇ ಮುಹೂರ್ತ, ಬೇಕಾದರೆ ಮಾಡಿಕೊಳ್ಳಿ ಎಂದರು. ದಶಮಿ ಅಂದರೆ ಅರ್ಧಚಂದ್ರ ದಾಟಿ ಒಂದೆರಡು ದಿನ. ಓಡಿಹೋಗಿ ತಾಂಡೇಲರನ್ನು ಕೇಳಿದೆ. ಅವರು ಬೆರಳು ಮಡಿಸಿ ಎಣಿಸಿ, ನನ್ನ ಭುಜದ ಮೇಲೆ ಕೈಯಿಟ್ಟರು. ಭಾಂಗದಲ್ಲೇ ಅತಿ ಸಪ್ಪೆ ಭಾಂಗ ಅದು, ಹಡಗಿನವರು ಆ ದಿನ ದೋಣಿಯನ್ನೂ ಇಳಿಸುವುದಿಲ್ಲ ಎಂದರು. ಆ ದಶಮಿ ಸೋಮವಾರ ಬಿದ್ದಿತ್ತು. ಸೋಮವಾರದ ಆ ಚೂರು ನೀರು ಕಡೆಯ ತೂಬಿಗೆ ಎಟಕುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಅನ್ನ ಸೇರದಂತಾಯಿತು. ತೂಬು ತೆಗೆಯುವ ಕಡೆ ಮುಚ್ಚಿದೆ, ಮುಚ್ಚುವ ಕಡೆ ತೆಗೆದೆ. ಬಾಲದ ಕಲ್ಲಿನ ಬಳಿ ಒಂದು ಸಂಜೆ ಸುಮ್ಮನೆ ಕೂತಿದ್ದಾಗ ಸಾಕಮ್ಮ ಎಮ್ಮೆ ಹೊಡೆದುಕೊಂಡು ಬಂದಳು. ನೆಂಟಸ್ತಿಕೆ ಕುದುರಿದ ಮೇಲೆ ಹಾಗೆ ಮಾತಾಡುವುದು ಆಗ ನಡೆಯುತ್ತಿರಲಿಲ್ಲ, ಆದ್ದರಿಂದ ಅವಳು ಎಮ್ಮೆಯ ಕಡೆ ತಿರುಗಿ ನಿಂತೇ ಮಾತಾಡಿದಳು. ನಾನು ಚಂದ್ರನ ಕಥೆಯನ್ನೆಲ್ಲ ಹೇಳಿಕೊಂಡೆ. ಕೆಂಪರಾಜುವಿನ ಪಂಪ್‌ಸೆಟ್ಟಿಗೆ ಅಮಾವಾಸ್ಯೆಯೂ ಇಲ್ಲ, ದಶಮಿಯೂ ಇಲ್ಲ ಎಂದು ದುಃಖಪಟ್ಟೆ. ಅವಳು ಚಂದ್ರನ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಮದ್ವೆಗೆ ದೊಡ್ಡಕೊಪ್ಲೋರ್ನ ಕರಿತೀರಾ?" ಎಂದು ಕೇಳಿದಳು.

ಅವರನ್ನು ಯಾಕೆ ಕರೆಯಲಿ ಎಂದೆ.

"ಮನೆಗ್ ಒಬ್ರು ಅಂತ ಕರೀಬ್ಯಾಡಿ. ಎಲ್ರ ಮನೇಲೂ, ಒಲೆ ಹಚ್ಬ್ಯಾಡಿ ಅಂತ ಕರೀರಿ. ಬೆಳಿಗ್ಗೆ ಉಪ್ಪಿಟ್ಟು ಇಲ್ಲೇ, ಊಟವೂ ಇಲ್ಲೇ. ನಾನಂದೆ ಅಂತ ನಮ್ಮಪ್ಪಂಗೆ ಹೇಳ್ಬ್ಯಾಡಿ."

ಒಲೆ ಹಚ್ಚಬೇಡಿ ಎಂದು ಕರೆದರೆ ಮನೆಯ ಕೂಸಿನಿಂದ ಮುದುಕರ ತನಕ ಎಲ್ಲರೂ ಬರಲೇಬೇಕು. ಒಬ್ಬರು ಮನೆಯಲ್ಲಿ ಉಳಿದರೂ ಕರೆದವರಿಗೆ ಅವಮಾನ. ನಂಜೇಗೌಡರಿಗೆ ದೊಡ್ಡಕೊಪ್ಪಲಿನ ಹೆಸರು ಹೇಳಿದರೆ ಮೈಯೆಲ್ಲ ಉರಿ. ಆದರೂ ಗಂಡಿನ ಕಡೆಯವರು ಯಾರನ್ನು ಬೇಕಾದರೂ ಕರೆಯಬಹುದಲ್ಲ. ಎಷ್ಟು ದೊಡ್ಡ ಮನಸ್ಸು ಈ ಹುಡುಗಿಗೆ, ನೀರು ಕದ್ದವರಿಗೂ ಪಾಯಸ ಹಾಕಿಸುತ್ತಾಳಲ್ಲ ಎಂದುಕೊಂಡು, ಸೈಕಲ್ಲಿಗೆ ಅರಿಶಿನ ಕುಂಕುಮ ಕಟ್ಟಿಕೊಂಡು ದೊಡ್ಡಕೊಪ್ಪಲಿನ ಮನೆ ಮನೆಗೂ ಹೋಗಿ ಕರೆದೆ. ಸೋಮವಾರ ಹೇಗೂ ಎತ್ತು ಕಟ್ಟುವುದಿಲ್ಲ, ಬಸವಣ್ಣನ ದಿನ, ಎಲ್ಲರೂ ಬರುತ್ತೇವೆ ಎಂದು ತಿಮ್ಮೇಗೌಡರು ಮಾತು ಕೊಟ್ಟರು. ಈ ಮಾತು ನನ್ನ ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದು ಕಿವಿಯಲ್ಲಿ ಹೋಯಿತು.

ಮದುವೆಯ ಬೆಳಿಗ್ಗೆ ದೊಡ್ಡಕೊಪ್ಪಲು ಊರಿಗೆ ಊರೇ ಗಾಡಿ ಕಟ್ಟದೆ ನಡೆದುಕೊಂಡು ಬಂತು. ಮುದುಕರನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದಿದ್ದರು. ಉಪ್ಪಿಟ್ಟಿನ ಕೊಪ್ಪರಿಗೆ ಮೂರು ಸಲ ಬರಿದಾಯಿತು. ನಂಜೇಗೌಡರು ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯಲಾರೆ. ತಾಂಡೇಲರು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು ಮುಂದಿನ ಬೆಂಚಿನಲ್ಲಿ, ಸಾವಿನ ಮನೆಗೆ ಬಂದವರ ಹಾಗೆ ಕೂತಿದ್ದರು. ಕೆಂಪರಾಜು ಕೊಳೆಯಿಲ್ಲದ ಶರಟು ತೊಟ್ಟು ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಅವನ ಕೈಯಲ್ಲಿ ಬಾವಿಯ ನೀರು ತುಂಬಿದ ಹಿತ್ತಾಳೆ ತಂಬಿಗೆ ಇತ್ತು.

ನಾನು ಬಾಸಿಂಗ ಕಟ್ಟಿಕೊಂಡು ಮಣೆಯ ಮೇಲೆ ಕೂತಿದ್ದೆ. ಪಕ್ಕದಲ್ಲಿ ಸಾಕಮ್ಮ ತಲೆ ತಗ್ಗಿಸಿ ಕೂತಿದ್ದಳು. ಚಪ್ಪರ ಹಾಕಿದ್ದದ್ದು ನಾಲೆಯ ಕೆಳಗಿನ ಬಯಲಿನಲ್ಲಿ. ಕುಳಿತಲ್ಲಿಂದಲೇ ತೂಬಿನ ಒಣಗಿದ ಬಾಯಿ ಕಾಣುತ್ತಿತ್ತು. ನಂಜೇಗೌಡರು ಖಾಲಿ ಚೆಂಬು ಹಿಡಿದು ತೂಬಿನ ಬಳಿ ನಿಂತಿದ್ದರು. ಜೋಯಿಸರು ಎರಡು ಸಲ ಕೆಮ್ಮಿದರು. ಕೆಂಪರಾಜು ಒಂದು ಹೆಜ್ಜೆ ಮುಂದೆ ಬಂದ. ಎಲ್ಲರೂ ಉಸಿರು ಬಿಗಿಹಿಡಿದು ಕೂತ ಆ ಗಳಿಗೆಯನ್ನು ನೆನೆದರೆ ನನಗೆ ತಾಂಡೇಲರು ಹೇಳಿದ ನಿಂತ್ನೀರು ನೆನಪಾಗುತ್ತದೆ. ನನ್ನ ಬಾಳು ಅತ್ತಲೂ ಇರಲಿಲ್ಲ, ಇತ್ತಲೂ ಇರಲಿಲ್ಲ.

ಆಗ ತೂಬಿನೊಳಗಿನಿಂದ ಹಲ್ಲಿ ಸಂಸಾರ ಸಮೇತ ಹೊರಗೆ ಓಡಿಬಂತು.

ಅದರ ಹಿಂದೆ ನೀರು ಬಂತು. ಮೊದಲು ಕಸ, ನೊರೆ, ಒಂದು ಹಳೆಯ ಚಪ್ಪಲಿ. ಆಮೇಲೆ ಕೆಂಪು ನೀರು, ತೂಬಿನ ಬಾಯಿ ತುಂಬ. ನಂಜೇಗೌಡರು ಚೆಂಬು ಹಿಡಿದದ್ದೇ ಕಲ್ಲಾದರು. ನೀರು ಚೆಂಬನ್ನು ತುಂಬಿತು, ಅವರ ಪಾದ ಮುಳುಗಿಸಿತು, ಪಂಚೆಯ ಅಂಚು ಎತ್ತಿತು. ನೋಡುನೋಡುತ್ತಿದ್ದಂತೆ ನಾಲೆಯ ದಡದ ಮೇಲಿಂದಲೂ ಜಿನುಗಲು ಶುರುವಾಯಿತು. ಹೆಚ್ಚಾದ ನೀರನ್ನು ಹಳ್ಳಕ್ಕೆ ತಿರುಗಿಸುವ ಬಾಗಿಲು ಇತ್ತು, ಅದನ್ನು ತೆಗೆಯಬೇಕಾದವನು ಸೌಡಿ, ಸೌಡಿ ಮಣೆಯ ಮೇಲಿದ್ದ. ನಾನು ಬಾಸಿಂಗ ಕಟ್ಟಿಕೊಂಡೇ ಎದ್ದು ಕಬ್ಬಿಣದ ಹಿಡಿಗೆ ಓಡಿದೆ. ನಂಜೇಗೌಡರು ನನ್ನ ಶಲ್ಯ ಹಿಡಿದು ನಿಲ್ಲಿಸಿದರು. ಅವರ ಮುಖದ ಮೇಲೆ ನೀರು ಇಳಿಯುತ್ತಿತ್ತು, ಅದು ನಾಲೆಯದಲ್ಲ.

"ಬುಡಪ್ಪ, ಮುಟ್ಬ್ಯಾಡ," ಅಂದರು. "ಇಷ್ಟ್ ನೀರ್ ನೋಡ್ದೆ ನಮ್ಮಪ್ಪ ಹೋದ. ಚಪ್ರ ಹೋದ್ರೆ ಹೋಗ್ಲಿ."

ಧಾರೆಯಾದದ್ದು ಮಂಡಿಯುದ್ದ ನೀರಿನಲ್ಲಿ ನಿಂತು. ಜೋಯಿಸರು ಪಂಚೆ ಎತ್ತಿ ಕಟ್ಟಿ ಮಂತ್ರ ಹೇಳಿದರು. ಊಟಕ್ಕೆ ಹಾಕಿದ್ದ ಮುತ್ತುಗದ ಎಲೆಗಳು ಹಪ್ಪಳ ಹೊತ್ತುಕೊಂಡು ಸಾಲಾಗಿ ಊರ ಕಡೆ ತೇಲಿಹೋದವು. ಕೆಂಪರಾಜು ತಂಬಿಗೆಯ ನೀರನ್ನು ನಾಲೆಗೇ ಸುರಿದು, ಶರಟು ಬಿಚ್ಚಿಟ್ಟು, ಅನ್ನದ ಕೊಪ್ಪರಿಗೆಯನ್ನು ಒಬ್ಬನೇ ಎತ್ತಿ ಕಟ್ಟೆಯ ಮೇಲಿಟ್ಟ. ಅವತ್ತಿನಿಂದ ಅವನನ್ನು ಕಂಡರೆ ನನಗೆ ಆಗುತ್ತದೆ. ತಾಂಡೇಲರೋ, ಬೆಂಚಿನ ಮೇಲೆ ಹತ್ತಿ ನಿಂತು, ಉಧಾಣ, ಉಧಾಣ ಎಂದು ಕೈ ಬೀಸುತ್ತಿದ್ದರು. ಭಾಂಗದ ದಿನ ಉಧಾಣ ಬಂದದ್ದು ಅವರ ಅಪ್ಪ ತಾತ ಯಾರೂ ಕಂಡಿರಲಿಲ್ಲ.

ನೀರು ಸ್ವಲ್ಪ ಇಳಿದ ಮೇಲೆ ಅವರು ಪಂಕ್ತಿಯಲ್ಲಿ ತಿಮ್ಮೇಗೌಡರ ಪಕ್ಕವೇ ಕೂತರು. ಇದು ಹೇಗೆ ಬಂತು, ಚಂದ್ರನಿಗೆ ಏನಾಯಿತು ಎಂದು ಕೇಳಿದರು. ತಿಮ್ಮೇಗೌಡರ ಕೈಯಲ್ಲಿ ಮದುವೆ ಮನೆಯ ಪಾಯಸವಿತ್ತು. ಪಾಯಸ ಹಿಡಿದುಕೊಂಡು ಸುಳ್ಳು ಹೇಳುವುದಕ್ಕೆ ಅವರಿಗೂ ಮನಸ್ಸಾಗಲಿಲ್ಲವೇನೋ.

"ಚಂದ್ರಂಗೇನಾಯ್ತದೆ ಸ್ವಾಮಿ? ಕೆಸ್ರುಗದ್ದೆ ಉಳೋರು, ನಾಟಿ ಹಾಕೋ ಹೆಂಗಸ್ರು, ಎಲ್ಲ ಇಲ್ಲೇ ಕುಂತಿವಿ. ನೋಡ್ಕೊಳ್ಳೋರಿಲ್ದೆ ನೀರ್ ಬುಟ್ರೆ ಬದು ಕಿತ್ಕೊಂಡೋಯ್ತದೆ ಅಂತ ಬರೋವಾಗ ಎಲ್ಲಾ ತೂಬೂ ಮುಚ್ಚಿ ಬಂದೋ. ನೀರು ಇನ್ನೆಲ್ಲಿಗೋಯ್ತದೆ, ಇಲ್ಲಿಗ್ ಬಂತು."

ಆಮೇಲೆ ಒಂದೊಂದಾಗಿ ಬಿಚ್ಚಿಕೊಂಡಿತು. ಅಮಾವಾಸ್ಯೆಗೂ ಹುಣ್ಣಿಮೆಗೂ ದೊಡ್ಡಕೊಪ್ಪಲಿನವರು ಗದ್ದೆಗೆ ಕಾಲಿಡುತ್ತಿರಲಿಲ್ಲ, ಅವರು ಬಿಟ್ಟ ನೀರು ಬಾಲಕ್ಕೆ ಬರುತ್ತಿತ್ತು. ಸೋಮವಾರ ಎತ್ತಿಗೆ ಮಾತ್ರ ಬಿಡುವು, ಹೆಂಗಸರ ನಾಟಿ ನಡೆಯುತ್ತಿತ್ತು, ಅದಕ್ಕೇ ಅರೆಬರೆ ಉಬ್ಬರ. ನಮ್ಮ ನಾಲೆಯ ಚಂದ್ರನಿಗೆ ಕೊಂಬು, ಬಾಲ, ನಾಲ್ಕು ಕಾಲು ಇದ್ದವು. ನಾನು ಹುಟ್ಟಿದ ಊರಲ್ಲೂ ಸೋಮವಾರ ಎತ್ತು ಕಟ್ಟುವುದಿಲ್ಲ. ಆದರೂ ತಲೆಗೆ ಹೊಳೆದಿರಲಿಲ್ಲ, ನಾನು ಆಕಾಶ ನೋಡುವುದರಲ್ಲಿದ್ದೆ.

ತಾಂಡೇಲರು ಬೆರಳು ಮಡಿಸಿ ಅಮಾವಾಸ್ಯೆ, ಸೋಮವಾರಗಳನ್ನು ಮತ್ತೆ ಎಣಿಸಿದರು. ಆಮೇಲೆ ಅವರು ನಗಲು ಶುರುಮಾಡಿ, ಪಾಯಸ ನೆತ್ತಿಗೇರಿ, ತಿಮ್ಮೇಗೌಡರೇ ಬೆನ್ನು ತಟ್ಟಬೇಕಾಯಿತು. ಹಡಗಿನವರಿಗೆ ನೀರು ಯಾಕೆ ಏರುತ್ತದೆ ಎಂಬುದಕ್ಕಿಂತ ಯಾವತ್ತು ಏರುತ್ತದೆ ಎಂಬುದು ಮುಖ್ಯ ಎಂದರು. ಮಾರನೆಯ ವಾರ ನಾಲೆಯ ಸರದಿಯನ್ನೇ ಬದಲಾಯಿಸಿದರು. ಅಮಾವಾಸ್ಯೆ, ಹುಣ್ಣಿಮೆ, ಪ್ರತಿ ಸೋಮವಾರ, ಮೇಲಿನ ಯಾವುದೇ ಊರಲ್ಲಿ ಮದುವೆಯಾದ ದಿನ, ಇಷ್ಟರಲ್ಲಿ ದೊಡ್ಡಕೊಪ್ಪಲಿನ ತೂಬುಗಳನ್ನು ನಾನೇ ಹೋಗಿ ಮುಚ್ಚಿ, ಬೀಗ ಹಾಕಿ ಬರಬೇಕು. ಎತ್ತು ಕಟ್ಟದ ದಿನ ನೀರು ಬೇಕೆಂದು ಯಾವ ಬಾಯಲ್ಲಿ ಕೇಳುತ್ತಾರೆ? ಕಡೆಕೊಪ್ಪಲಿಗೆ ವರ್ಷ ವರ್ಷ ನೀರು ಬಂತು. ಹುಡುಗರೇ, ಕೆಲಸಕ್ಕೆ ಬೇಕಾದ ಮಾತು ಇದೊಂದೇ: ಕಲ್ಲಿನ ಗೆರೆ ನೋಡಿ ಬರೆದುಕೊಳ್ಳಿ, ಆದರೆ ಗದ್ದೆಯಲ್ಲಿ ಯಾರಿದ್ದಾರೆ ಎಂದೂ ಒಮ್ಮೆ ತಲೆ ಎತ್ತಿ ನೋಡಿ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ತಾಂಡೇಲರು ನಿವೃತ್ತರಾಗಿ ಊರು ಸೇರಿದ್ದರು. ಬಂದು ನೋಡಿಹೋಗಿ ಎಂದು ಒಂದೇ ಸಮ ಹೇಳಿ ಕಳಿಸುತ್ತಿದ್ದರು. ನಾನೂ ಸಾಕಮ್ಮನೂ ಬಸ್ಸು ಬದಲಾಯಿಸಿ ಬದಲಾಯಿಸಿ ಕಾರವಾರಕ್ಕೆ ಹೋದೆವು. ಇಬ್ಬರಿಗೂ ಅದೇ ಮೊದಲ ಸಮುದ್ರ. ಇಷ್ಟು ವರ್ಷ ಅದರ ಮಾತನ್ನೆಲ್ಲ ಆಡಿಕೊಂಡು ಬಂದವನಿಗೆ ಎದುರು ನಿಂತಾಗ ಬಾಯಿ ಕಟ್ಟಿತು.

ತಾಂಡೇಲರು ಮರಳಿನ ಮೇಲೆ ನಮ್ಮ ಜೊತೆ ಕೂತರು. ಹಲ್ಲು ಹೋಗಿದ್ದವು, ನಗು ಹಾಗೇ ಇತ್ತು. ಮದುವೆಯ ದಿನದ ಮಾತು ತೆಗೆದು, ಆ ಉಧಾಣಕ್ಕೆ ಇನ್ನೂ ಹೆಸರು ಹುಡುಕುತ್ತಿದ್ದೇನೆ ಎಂದರು. ಸಾಕಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಷ್ಟು ವರ್ಷ ಜೊತೆಗೆ ಬಾಳಿದ ಮೇಲೆ, ಅವತ್ತು ಮೊದಲ ಸಲ ಬಾಯಿ ಬಿಟ್ಟಳು.

"ನೀರ್ ಬರ್ಲಿ ಅಂತ್ಲೇ ಒಲೆ ಹಚ್ಬ್ಯಾಡಿ ಅಂತ ಕರೆಸ್ದೋಳು ನಾನು ಸ್ವಾಮಿ. ಇವ್ರು ಚಂದ್ರನ್ನ ನಂಬ್ಕೊಂಡ್ ಕುಂತಿದ್ರು. ನಂಗೆ ಇವ್ರೇ ಬೇಕಾಗಿತ್ತು."

ನಾನು ಮರಳು ನೋಡುತ್ತ ಕೂತೆ. ಮುಖ ಎತ್ತಿದ್ದರೆ ಇಬ್ಬರಿಗೂ ನನ್ನ ಕಣ್ಣು ಕಾಣುತ್ತಿತ್ತು.

ನಾವು ಮಾತಾಡುತ್ತಿದ್ದ ಹಾಗೇ ನೀರು ಹಿಂದೆ ಹಿಂದೆ ಸರಿದು, ದೋಣಿಗಳು ಕೆಸರಿನಲ್ಲಿ ಮಗ್ಗುಲಾಗಿ ಕೂತುಬಿಟ್ಟಿದ್ದವು. ಬಂದಾಗ ಅಲ್ಲೆಲ್ಲ ನೀರಿತ್ತು. ತಾಂಡೇಲರು ಪಾಠ ಹೇಳಲು ಕೈ ಎತ್ತಿದರು. ಅಷ್ಟರಲ್ಲಿ ಸಾಕಮ್ಮ ಹಣೆಗೆ ಕೈ ಅಡ್ಡ ಹಿಡಿದು, ಸಮುದ್ರದ ಆ ಕೊನೆಯ ತನಕ ಒಮ್ಮೆ ದಿಟ್ಟಿಸಿ ನೋಡಿ, ನನ್ನ ಕಡೆ ತಿರುಗಿದಳು.

"ಮೇಲ್ಗಡೆಯೋರು ಯಾರೋ ತೂಬು ತೆಗ್ದವ್ರೆ ಕಣ್ರೀ," ಅಂದಳು. "ಎದ್ದೋಗಿ ನೋಡಿ."